ತುಂಗೆಗೊಂದು ಕಾಲುಸಂಕ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋದವನು ನಾನು. ಈಗ ಶಿವಮೊಗ್ಗದ ವಿದ್ಯಾನಗರದಿಂದ ಪೇಟೆಗೆ ತುಂಗೆಯ ಹೊಳೆ ಸೇತುವೆ ಮೇಲೆ ನಡೆಯುವಾಗ ಅದಕ್ಕಿಂತ ಹೆಚ್ಚು ಭಯ. ಪಕ್ಕದಲ್ಲೇ ಬಸ್ಸು, ಬೈಕು; ಮೊಮ್ಮಗಳ ಕೈ ಬಿಡುವ ಹಾಗಿಲ್ಲ.

ನದಿ ದಂಡೆ ಚೆಂದ ಮಾಡಿದಂತೆ, ನಡೆಯುವವರಿಗೆಂದೇ ಅಲ್ಲೊಂದು ಸೇತುವೆ ಕಟ್ಟಬಾರದೇ? ಅಹಮದಾಬಾದಿನಲ್ಲಿ ಸಾಬರಮತಿಗೆ 2022ರಲ್ಲಿ ಕಟ್ಟಿದರು. ಅದರ ನಕಲು ಬೇಡ. ನಮ್ಮ ತುಂಗೆ ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪವನ್ನೇ ಮುಳುಗಿಸುವವಳು. ನೀರಿನ ನಡುವೆ ಕಂಬ ಹೆಚ್ಚಾದಷ್ಟೂ ತೇಲಿಬಂದ ದಿಮ್ಮಿ, ಕಸ ಸಿಕ್ಕಿಕೊಳ್ಳುತ್ತವೆ. ತೂಗುಸೇತುವೆಗೆ ನಡುನೀರಿನ ಕಂಬದ ಹಂಗು ಕಡಿಮೆ; ಹಳ್ಳಿಹಳ್ಳಿಗೆ ಅಂಥವನ್ನು ಕಟ್ಟಿದ ಸುಳ್ಯದ ಗಿರೀಶ್ ಭಾರದ್ವಾಜರ ಸೇತುವೆಗಳನ್ನು ಎಂಜಿನಿಯರುಗಳು ಒಮ್ಮೆ ನೋಡಿ ಬರಲಿ.

ತೂಗುವುದೂ ಲೆಕ್ಕದಲ್ಲಿರಬೇಕು, ಅನ್ನಿ. ಲಂಡನ್ನಿನ ಮಿಲೇನಿಯಂ ಸೇತುವೆ 2000ರಲ್ಲಿ ತೆರೆದ ಕೂಡಲೇ ಜನರ ಹೆಜ್ಜೆಗೆ ಅಡ್ಡಡ್ಡ ಓಲಾಡಿ ಎರಡೇ ದಿನಕ್ಕೆ ಮುಚ್ಚಿತು. ಓಲಾಟ ತಡೆಯುವ ಡ್ಯಾಂಪರ್ ಹಾಕಿ 2002ರಲ್ಲಿ ಮತ್ತೆ ತೆರೆದರು. ನಮ್ಮಲ್ಲಿ ದಸರಾ ದಿನದ ಜನವನ್ನು ಲೆಕ್ಕ ಹಿಡಿಯಲಿ.

ನೆಲಕ್ಕೆ ಮಾತ್ರ ನುಣುಪು ಗ್ರಾನೈಟ್ ಹಾಕಬೇಡಿ. ಆಷಾಢದ ಪಾಚಿಗೆ ಸೊಂಟ ಮುರಿದುಕೊಳ್ಳುವವರು ನನ್ನಂಥ ಮುದುಕರೇ.

– ನಿವೃತ್ತ ಓವರ್‌ಸಿಯರ್, ವಿದ್ಯಾನಗರ, ಶಿವಮೊಗ್ಗ