ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ಪರದೆ ಟಿವಿಯಲ್ಲಿ ನಿಲ್ಲದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಸ್ಮಾರ್ಟ್ ಟಿವಿಯ ಮಿರಾಕಾಸ್ಟ್ (ಲ್ಯಾಪ್‌ಟಾಪ್ ಪರದೆಯನ್ನು ವೈರ್ ಇಲ್ಲದೆ ಟಿವಿಯಲ್ಲಿ ತೋರಿಸುವ) ಸೌಲಭ್ಯ ಕೆಟ್ಟಿರುವುದು ಮತ್ತು ನಿಮ್ಮ ಸೇವಾ ಕೇಂದ್ರ ಅದರ ಹೊಣೆಯನ್ನು ನನ್ನ ರೂಟರ್ ಮೇಲೆ ಹಾಕುತ್ತಿರುವುದು.

ನಿಮ್ಮ ಸಂಸ್ಥೆಯ 43 ಇಂಚಿನ ಸ್ಮಾರ್ಟ್ ಟಿವಿಯನ್ನು ಮೈಸೂರಿನಲ್ಲಿ ಖರೀದಿಸಿದ್ದೇನೆ. ವಾರಂಟಿ ಇನ್ನೂ ಚಾಲ್ತಿಯಲ್ಲಿದ್ದು, ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಮಗಳ ಪಿಯುಸಿ ಪಾಠಗಳ ವಿಡಿಯೊಗಳು ಲ್ಯಾಪ್‌ಟಾಪ್‌ನಲ್ಲಿಯೇ ಇರುವುದರಿಂದ, ಅವನ್ನು ವೈರ್ ಇಲ್ಲದೆ ದೊಡ್ಡ ಪರದೆಯಲ್ಲಿ ನೋಡಲು ಅನುಕೂಲವಾಗಲೆಂದು, ಪೆಟ್ಟಿಗೆಯ ಮೇಲೆ ಮಿರಾಕಾಸ್ಟ್ ಎಂದು ಸ್ಪಷ್ಟವಾಗಿ ಮುದ್ರಿಸಿದ್ದ ಈ ಮಾದರಿಯನ್ನೇ ಆರಿಸಿಕೊಂಡೆವು.

ಮೊದಲು ಎಲ್ಲವೂ ಸರಿಯಿತ್ತು. ವಿಂಡೋಸ್ ಕೀ ಜೊತೆಗೆ ಕೆ ಒತ್ತಿ, ಪಟ್ಟಿಯಲ್ಲಿ ಟಿವಿಯ ಹೆಸರನ್ನು ಆರಿಸಿದರೆ ಪರದೆ ಮೂಡುತ್ತಿತ್ತು. ಆದರೆ ಟಿವಿ ತಾನಾಗಿಯೇ ಹೊಸ ಸಾಫ್ಟ್‌ವೇರ್ ಹಾಕಿಕೊಂಡ ಮೇಲೆ ಸಂಪರ್ಕ ಸಿಕ್ಕರೂ ಸ್ವಲ್ಪ ಹೊತ್ತಿನಲ್ಲೇ ಚಿತ್ರ ಸ್ತಬ್ಧವಾಗುತ್ತದೆ, ಧ್ವನಿ ಮಾತ್ರ ತುಸು ಮುಂದುವರಿದು ಅದೂ ನಿಲ್ಲುತ್ತದೆ, ಬಳಿಕ ಟಿವಿ ಮುಖಪುಟಕ್ಕೆ ಮರಳುತ್ತದೆ.

ಸೇವಾ ಕೇಂದ್ರಕ್ಕೆ ಕರೆ ಮಾಡಿದಾಗಲೆಲ್ಲ ಸಿಗುವ ಉತ್ತರ ಒಂದೇ: ನಿಮ್ಮ ವೈ-ಫೈ ದುರ್ಬಲವಾಗಿದೆ, ರೂಟರ್ ಬದಲಿಸಿ. ಈ ಉತ್ತರವನ್ನು ನಾನು ಒಪ್ಪಲಾರೆ. ಮಿರಾಕಾಸ್ಟ್ ಎಂಬುದು ವೈ-ಫೈ ಕಂಪನಿಗಳ ಒಕ್ಕೂಟವಾದ ವೈ-ಫೈ ಅಲಯನ್ಸ್ 2012ರಲ್ಲಿ ಜಾರಿಗೆ ತಂದ ವ್ಯವಸ್ಥೆ. ನಮ್ಮಂತಹ ಮನೆ ಬಳಕೆಯಲ್ಲಿ ಅದು ವೈ-ಫೈ ಡೈರೆಕ್ಟ್ ಮೂಲಕ ಲ್ಯಾಪ್‌ಟಾಪ್ ಮತ್ತು ಟಿವಿಯನ್ನು ನೇರವಾಗಿ ಬೆಸೆಯುತ್ತದೆ, ನಡುವೆ ರೂಟರ್ ಆಗಲಿ ಇಂಟರ್ನೆಟ್ ಆಗಲಿ ಬೇಕಾಗುವುದಿಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ರೂಟರನ್ನೇ ಸಂಪೂರ್ಣವಾಗಿ ಆರಿಸಿ ಪ್ರಯತ್ನಿಸಿದೆ. ಆಗಲೂ ಸಂಪರ್ಕ ಸಿಕ್ಕಿತು, ಆಗಲೂ ಅದೇ ರೀತಿ ಕಡಿದುಹೋಯಿತು. ಆರಿಸಿಟ್ಟ ರೂಟರ್ ಈ ತೊಂದರೆಗೆ ಹೇಗೆ ಕಾರಣವಾದೀತು ಎಂಬ ನನ್ನ ಪ್ರಶ್ನೆಗೆ ನಿಮ್ಮ ಸಿಬ್ಬಂದಿಯಲ್ಲಿ ಉತ್ತರವಿರಲಿಲ್ಲ.

ಮೊಬೈಲ್‌ನಿಂದ ಯೂಟ್ಯೂಬ್ ಕಾಸ್ಟ್ ಆಗುತ್ತಿದೆಯಲ್ಲ, ಹಾಗಾದರೆ ಟಿವಿ ಚೆನ್ನಾಗಿಯೇ ಇದೆ ಎಂಬುದು ಅವರ ಇನ್ನೊಂದು ವಾದ. ಅಲ್ಲಿ ಮೊಬೈಲ್ ಕೇವಲ ಯಾವ ವಿಡಿಯೊ ಎಂದು ತಿಳಿಸುತ್ತದೆ, ಟಿವಿಯೇ ಅದನ್ನು ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ಮಿರಾಕಾಸ್ಟ್‌ನಲ್ಲಿ ಲ್ಯಾಪ್‌ಟಾಪ್ ತನ್ನ ಪರದೆಯನ್ನೇ ವಿಡಿಯೊ ಆಗಿ ಸಂಕುಚಿಸಿ ಎಡೆಬಿಡದೆ ಕಳುಹಿಸುತ್ತದೆ, ಟಿವಿ ಅದನ್ನು ಆ ಕ್ಷಣದಲ್ಲೇ ಬಿಡಿಸಿ ತೋರಿಸಬೇಕು. ಒಂದು ನಡೆದ ಮಾತ್ರಕ್ಕೆ ಇನ್ನೊಂದೂ ಸರಿಯಿದೆ ಎನ್ನಲಾಗದು. ಇದೇ ಲ್ಯಾಪ್‌ಟಾಪ್ ಪಕ್ಕದ ಮನೆಯ ಬೇರೆ ಕಂಪನಿಯ ಟಿವಿಯಲ್ಲಿ ಇಡೀ ಪಾಠವನ್ನು ತಡೆಯಿಲ್ಲದೆ ತೋರಿಸಿದೆ.

ಕೊನೆಗೆ ಎಚ್‌ಡಿಎಂಐ ಕೇಬಲ್ ಬಳಸಿ ಎಂಬ ಸಲಹೆಯೂ ಬಂತು. ಕೇಬಲ್ ಹಾಕಿದರೆ ಚಿತ್ರ ಬರುತ್ತದೆ, ನಿಜ. ಕೇಬಲ್ಲೇ ಸಾಕಾಗಿದ್ದರೆ ಇದಕ್ಕಿಂತ ಅಗ್ಗದ ಟಿವಿಗಳು ಅದೇ ಅಂಗಡಿಯಲ್ಲಿದ್ದವು.

ಆದ್ದರಿಂದ ಈ ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಕೊಡಬೇಕು ಇಲ್ಲವೇ ಹಿಂದಿನ ಸಾಫ್ಟ್‌ವೇರ್ ಆವೃತ್ತಿಗೆ ಟಿವಿಯನ್ನು ಮರಳಿಸಬೇಕು. ಎರಡೂ ಆಗದಿದ್ದಲ್ಲಿ ಟಿವಿಯನ್ನು ಬದಲಿಸಿಕೊಡಬೇಕು ಅಥವಾ ಹಣ ಹಿಂದಿರುಗಿಸಬೇಕು ಎಂದು ಕೋರುತ್ತೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸುತ್ತೇನೆ. ಪರಿಶೀಲನೆಗೆ ತಂತ್ರಜ್ಞರನ್ನು ಕಳುಹಿಸುವುದಾದರೆ, ವಿಂಡೋಸ್ ಲ್ಯಾಪ್‌ಟಾಪ್ ಒಂದನ್ನು ಅವರೇ ತರುವಂತೆ ದಯವಿಟ್ಟು ಸೂಚಿಸಿ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಸಂಸ್ಥೆಯ ಗ್ರಾಹಕ, ಮೈಸೂರು

ಲಗತ್ತುಗಳು: ಬಿಲ್ಲಿನ ಪ್ರತಿ, ವಾರಂಟಿ ಕಾರ್ಡ್, ಪೆಟ್ಟಿಗೆಯ ಛಾಯಾಚಿತ್ರ, ರೂಟರ್ ಆರಿಸಿ ಚಿತ್ರೀಕರಿಸಿದ ವಿಡಿಯೊ