20 ಸಾವಿರ ಡಾಲರ್ ಫಾರ್ಮಿನ ಮಿತಿ, ತೆರಿಗೆಯ ಮಿತಿ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಅನಿವಾಸಿ ಕನ್ನಡಿಗರ ಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಅಮೆರಿಕದಲ್ಲಿ ಆ್ಯಪ್ ಮೂಲಕ ಹಣ ಪಡೆಯುವ ಸಣ್ಣ ವ್ಯಾಪಾರಿಗಳಿಗೆ ಇನ್ನು 20 ಸಾವಿರ ಡಾಲರ್‌ವರೆಗೆ ತೆರಿಗೆ ಇಲ್ಲ ಅಂತ. ಗಂಟೆ ಕಳೆಯುವುದರೊಳಗೆ ನಮ್ಮ ಊರಿನ ಕನ್ನಡದವರ ವಾಟ್ಸಾಪ್ ಗುಂಪಿಗೆ ಅದು ಮೂರು ಸಲ ಬಂತು. ಮನೆಯಲ್ಲಿ ಬ್ಲೌಸ್ ಹೊಲಿದು ಕೊಡುವ ಒಬ್ಬರು "ಅಬ್ಬ, ಬದುಕಿಕೊಂಡೆ" ಅಂತ ಬರೆದರು. ಪಾಪ, ಬದುಕಿಕೊಂಡಿಲ್ಲ. ಸುದ್ದಿ ತಪ್ಪು.

ಆಗಿದ್ದು ಇಷ್ಟು. ಇಲ್ಲಿ 1099-ಕೆ ಅಂತ ಒಂದು ಫಾರ್ಮ್ ಇದೆ. ನಮ್ಮ ಪರವಾಗಿ ಗಿರಾಕಿಗಳಿಂದ ದುಡ್ಡು ತೆಗೆದುಕೊಂಡು ನಮಗೆ ಕೊಡುವ ಆ್ಯಪ್‌ಗಳು, ಆನ್‌ಲೈನ್ ಮಾರುಕಟ್ಟೆಗಳು, ಇಡೀ ವರ್ಷ ನಮಗೆ ಎಷ್ಟು ಬಂತು ಅಂತ ಬರೆದು ಒಂದು ಪ್ರತಿ ನಮಗೆ, ಇನ್ನೊಂದು ಪ್ರತಿ ಇಲ್ಲಿಯ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಕಳಿಸುತ್ತವೆ. ಮೊದಲು ವರ್ಷಕ್ಕೆ 20,000 ಡಾಲರ್ ದಾಟಬೇಕಿತ್ತು, ಜೊತೆಗೆ ವಹಿವಾಟು 200 ದಾಟಬೇಕಿತ್ತು, ಆಗ ಮಾತ್ರ ಈ ಫಾರ್ಮ್. 2021ರ ಕಾನೂನು ಅದನ್ನು ಬರೀ 600 ಡಾಲರ್‌ಗೆ ಇಳಿಸಿತು. ಗಲಾಟೆಯಾಯಿತು, ಜಾರಿ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು, 2024ಕ್ಕೆ 5,000 ಅಂದರು, ಕೊನೆಗೆ 2025ರ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಹಳೆಯ 20,000 ಮತ್ತು 200ಕ್ಕೇ ವಾಪಸ್ ಬಂದರು. ಅಂದರೆ ಬದಲಾಗಿದ್ದು ಫಾರ್ಮ್ ಯಾರಿಗೆ ಬರುತ್ತೆ ಅನ್ನುವುದು. ಫಾರ್ಮ್ ಬರಲಿ ಬಿಡಲಿ, ವ್ಯಾಪಾರದ ಆದಾಯ ತೋರಿಸಲೇಬೇಕು. ಸ್ವಂತ ವ್ಯಾಪಾರದಲ್ಲಿ ಖರ್ಚೆಲ್ಲ ಕಳೆದು 400 ಡಾಲರ್ ಉಳಿದರೂ ರಿಟರ್ನ್ ಹಾಕಬೇಕು. 400! ನಾಲ್ಕು ಬ್ಲೌಸಿನ ಮಾತು ಅಲ್ವಾ.

ಅದೂ ಸಾಲದು ಅಂತ ರಾಜ್ಯಗಳ ಲೆಕ್ಕ ಬೇರೆ. ನಾನಿರುವ ನ್ಯೂಜೆರ್ಸಿಯಲ್ಲಿ 1,000 ಡಾಲರ್ ಆದರೆ ಸಾಕು, ಫಾರ್ಮ್ ಬರುತ್ತೆ. ಮ್ಯಾಸಚೂಸೆಟ್ಸ್, ವರ್ಜೀನಿಯಾ, ಮೇರಿಲ್ಯಾಂಡ್‌ನಲ್ಲಿ 600. ಮೇಳದಲ್ಲಿ ಟೇಬಲ್ ಹಾಕಿಕೊಂಡು ಕಾರ್ಡ್ ಉಜ್ಜುವ ಯಂತ್ರ ಇಟ್ಟುಕೊಂಡರಂತೂ, ಕಾರ್ಡ್ ಪಾವತಿಗೆ ಕೆಳಮಿತಿ ಅನ್ನುವುದೇ ಇಲ್ಲ. ಇದರಲ್ಲಿ ಒಂದೂ ನಿಮ್ಮ ಸುದ್ದಿಯಲ್ಲಿ ಇರಲಿಲ್ಲ.

ನನಗೇಕೆ ಇಷ್ಟು ಉರಿ ಅಂದರೆ, ನಾನು ಈ ಫಾರ್ಮಿನಿಂದಲೇ ಪಾಠ ಕಲಿತವಳು. ಚನ್ನಪಟ್ಟಣದ ಗೊಂಬೆ, ಗೌರಿ ಬಾಗಿನದ ಮೊರ, ಕುಂಕುಮದ ಬಟ್ಟಲು ತರಿಸಿ ಮಾರುತ್ತೇನೆ. 2023ರ ಲೆಕ್ಕಕ್ಕೆ ನನಗೆ ಬಂದ ಫಾರ್ಮಿನಲ್ಲಿ 26,400 ಡಾಲರ್ ಇತ್ತು. ನೋಡಿ ನಗು ಬಂತು, ಯಾಕೆಂದರೆ ನನ್ನ ಕೈಗೆ ಅಷ್ಟು ಬಂದೇ ಇರಲಿಲ್ಲ. ಅದರಲ್ಲಿ 3,100 ಗಿರಾಕಿಗಳು ಕೊಟ್ಟ ಅಂಚೆ ಖರ್ಚು, ಬಂದ ಹಾಗೇ ಪೋಸ್ಟಾಫೀಸಿಗೆ ಹೋಗಿದ್ದು. 2,300 ಆ್ಯಪ್‌ನವರೇ ಹಿಡಿದುಕೊಂಡ ಕಮಿಷನ್. 900 ಮುರಿದ ಗೊಂಬೆಗಳಿಗೆ ವಾಪಸ್ ಕೊಟ್ಟಿದ್ದು. ಇನ್ನು 1,800 ಏನು ಅಂತ ನನಗೇ ಹೊಳೆಯಲಿಲ್ಲ. ಫಾರ್ಮಿನಲ್ಲಿ ತಿಂಗಳು ತಿಂಗಳಿಗೂ ಬೇರೆ ಚೌಕ ಇರುತ್ತೆ, ಮಾರ್ಚ್ ಚೌಕ ಮಾತ್ರ ಯಾಕೋ ದಪ್ಪಗಿತ್ತು. ಆಮೇಲೆ ನೆನಪಾಯಿತು, ಯುಗಾದಿ ಊಟ! ಗೆಳತಿಯರೆಲ್ಲ ಸೇರಿ ಹಾಲ್ ಹಿಡಿದಿದ್ದೆವು, ದುಡ್ಡು ವಸೂಲಿ ನನ್ನ ಪಾಲಿಗೆ ಬಂದಿತ್ತು, ನಾನು ಜಾಣೆ, ಅಂಗಡಿಯ ಕ್ಯೂಆರ್ ಕೋಡನ್ನೇ ಗುಂಪಿಗೆ ಕಳಿಸಿದ್ದೆ. ಒಬ್ಬಟ್ಟು ತಿಂದವರ ದುಡ್ಡೆಲ್ಲ ನನ್ನ ವ್ಯಾಪಾರ ಆಗಿ ಕೂತಿತ್ತು.

ಇದನ್ನೆಲ್ಲ ಮನಸ್ಸಿನಲ್ಲೇ ಕಳೆದು 18,300 ಡಾಲರ್ ವ್ಯಾಪಾರ ಅಂತ ರಿಟರ್ನ್ ಹಾಕಿಬಿಟ್ಟೆ. ಲೆಕ್ಕ ಸರಿಯೇ ಇತ್ತು, ಬರೆದ ರೀತಿ ತಪ್ಪು. ಒಂದು ವರ್ಷ ಸದ್ದಿಲ್ಲ. ಆಮೇಲೆ ಐಆರ್‌ಎಸ್‌ನಿಂದ ಒಂದು ದಪ್ಪ ಲಕೋಟೆ ಬಂತು: ಫಾರ್ಮಿನಲ್ಲಿರುವ ಮೊತ್ತಕ್ಕೂ ನೀವು ತೋರಿಸಿದ್ದಕ್ಕೂ 8,100 ವ್ಯತ್ಯಾಸ ಇದೆ, ಒಪ್ಪಿದರೆ ತೆರಿಗೆ, ಬಡ್ಡಿ ಸೇರಿಸಿ ಇಷ್ಟು ಕೊಡಿ ಅಂತ, ಹತ್ತಿರ ಹತ್ತಿರ 3,000 ಡಾಲರ್. ಆ ರಾತ್ರಿ ನಿದ್ದೆ ಬರಲಿಲ್ಲ. ಅದು ಬಿಲ್ ಅಲ್ಲ, ಬರೀ ಪ್ರಸ್ತಾಪ, 30 ದಿನದಲ್ಲಿ ಉತ್ತರ ಕೊಡಬಹುದು ಅನ್ನುವುದು ನನಗೆ ತಿಳಿದಿದ್ದು ಎರಡು ದಿನ ಆದ ಮೇಲೆ. ರಸೀದಿ, ಅಂಚೆ ಚೀಟಿ, ಯುಗಾದಿ ಊಟದ ವಾಟ್ಸಾಪ್ ಮಾತುಕತೆ ಸಮೇತ ಕಳಿಸಿದೆ. ಮೂರು ತಿಂಗಳಾದ ಮೇಲೆ, ನೀವು ಹೇಳಿದ್ದನ್ನು ಒಪ್ಪಿದ್ದೇವೆ, ಏನೂ ಕೊಡಬೇಕಾಗಿಲ್ಲ ಅಂತ ಬಂತು.

ಸರಿಯಾದ ದಾರಿ ಬಹಳ ಸುಲಭ. ಷೆಡ್ಯೂಲ್ ಸಿ ಅನ್ನುವ ಹಾಳೆಯ ಮೊದಲ ಸಾಲಿನಲ್ಲಿ ವ್ಯಾಪಾರದಿಂದ ಬಂದ ಒಟ್ಟು ಹಣ ಪೂರ್ತಿ ಬರೆಯಬೇಕು, ಎಷ್ಟೇ ಹೊಟ್ಟೆ ಉರಿದರೂ. ಗಿರಾಕಿಗೆ ವಾಪಸ್ ಕೊಟ್ಟಿದ್ದು ಎರಡನೇ ಸಾಲು. ಕಮಿಷನ್ ಹತ್ತನೇ ಸಾಲು. ಅಂಚೆ ಖರ್ಚು, ಗೊಂಬೆ ಕೊಂಡ ದುಡ್ಡು ಅವುಗಳ ಜಾಗದಲ್ಲಿ. ಯುಗಾದಿ ಊಟದಂಥದ್ದು ಸೇರಿಕೊಂಡಿದ್ದರೆ ಫಾರ್ಮ್ ಕಳಿಸಿದವರಿಗೇ ಬರೆದು ತಿದ್ದಿಸಿಕೊಳ್ಳಬೇಕು. ತೆರಿಗೆ ಬೀಳುವುದು ಕೊನೆಗೆ ಉಳಿದ ಲಾಭಕ್ಕೆ. ಈಗ ನನ್ನ ಹತ್ತಿರ ಎರಡು ಕ್ಯೂಆರ್ ಕೋಡ್ ಇವೆ.

ಕೆಲವರು ಜಾಣತನ ಹೇಳಿಕೊಡುತ್ತಾರೆ, ಝೆಲ್‌ನಲ್ಲಿ ತಗೊಳ್ಳಿ, ಅದು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗೋದು, ಫಾರ್ಮೇ ಬರಲ್ಲ ಅಂತ. ಫಾರ್ಮ್ ಬರಲ್ಲ ನಿಜ. ಆದಾಯ ಎಲ್ಲಿಗೆ ಹೋಯಿತು?

ನಿಮ್ಮ ಬಹುಪಾಲು ಓದುಗರಿಗೆ ಈ ಅಮೆರಿಕದ ಪುರಾಣ ಯಾಕೆ ಅನ್ನಿಸಬಹುದು. 2025ರ ಜುಲೈ ನೆನಪಿಸಿಕೊಳ್ಳಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಕಳಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ನೋಟಿಸ್ ಬಂದಿದ್ದು ಎಲ್ಲರ ಬಾಯಲ್ಲೂ ಇತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಆಗಲೂ ಎಷ್ಟೋ ತಲೆಬರಹಗಳಲ್ಲಿ ಖಾತೆಗೆ ಬಂದ ಒಟ್ಟು ಮೊತ್ತವನ್ನು "ಆದಾಯ" ಅಂತಲೇ ಬರೆದರು. ಜಿಎಸ್‌ಟಿಯ 40 ಲಕ್ಷ ಮಿತಿ ನೋಡುವುದು ವಹಿವಾಟನ್ನು, ಲಾಭವನ್ನಲ್ಲ, ಆ ಮಟ್ಟಿಗೆ ಅಲ್ಲಿಯ ಲೆಕ್ಕ ಬೇರೆ. ಆದರೆ ಭಾವ ವಾಪಸ್ ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಮಗಳು ಕಳಿಸಿದ ಐದು ಸಾವಿರ, ಇವು ಅದೇ ಕ್ಯೂಆರ್‌ಗೆ ಬಿದ್ದ ಮಾತ್ರಕ್ಕೆ ವಹಿವಾಟೂ ಆಗಲ್ಲ, ಆದಾಯವೂ ಆಗಲ್ಲ.

ಆದ್ದರಿಂದ ನನ್ನ ಕೋರಿಕೆ ಎರಡು. ಬಂದ ಹಣ, ವಹಿವಾಟು, ಆದಾಯ, ಲಾಭ, ಈ ನಾಲ್ಕು ಪದಗಳನ್ನು ನಿಮ್ಮ ವರದಿಗಾರರು ಅದಲು ಬದಲು ಮಾಡದಿರಲಿ. ಇನ್ನೊಂದು, 20 ಸಾವಿರದ ಸುದ್ದಿಗೆ ಒಂದು ತಿದ್ದುಪಡಿ ಹಾಕಿ, ಮೂಲೆಯಲ್ಲಾದರೂ ಸರಿ. ಹಾಕುವುದಾದರೆ ಜನವರಿಯಲ್ಲೇ ಹಾಕಿ, ಫಾರ್ಮುಗಳು ಮನೆಗೆ ಬರುವುದು ಆ ತಿಂಗಳ ಕೊನೆಗೆ. ಬ್ಲೌಸ್ ಹೊಲಿಯುವವರಿಗೆ ನಾನು ಫೋನ್ ಮಾಡಿ ಹೇಳಿದ್ದೇನೆ, ಆದರೆ ಅವರು ನನಗಿಂತ ನಿಮ್ಮ ಪತ್ರಿಕೆಯನ್ನೇ ಜಾಸ್ತಿ ನಂಬುತ್ತಾರೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಎಡಿಸನ್, ನ್ಯೂಜೆರ್ಸಿ