ಹತ್ತರಲ್ಲಿ ಒಂದು ಪಾಲು

ಪ್ರೀತಿಯ ಪುಟ್ಟಿ,

ಹೋದ ವಾರ ಹೂಮಳೆ ಚೆನ್ನಾಗಿ ಬಿತ್ತು. ಇವತ್ತು ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗಿದೆ. ಒಂದು ವಿಷಯ ಹೇಳಬೇಕಿತ್ತು. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಉಯಿಲು ಮಾಡಿಸಿದ್ದೇನೆ. ಗಾಬರಿಯಾಗಬೇಡ, ಆರೋಗ್ಯವಾಗಿದ್ದೇನೆ.

ಮನೆ ಮತ್ತು ನಾನು ಕೊಂಡ ಎರಡು ಎಕರೆ ತೋಟ ನಿನಗೆ. ಅಜ್ಜನ ಕಾಲದ ಜಮೀನು ಇನ್ನೂ ಪಾಲಾಗಿಲ್ಲ, ಅದರ ತಂಟೆಗೆ ಹೋಗಿಲ್ಲ. ಬ್ಯಾಂಕಿನ ಠೇವಣಿಯಲ್ಲಿ ಹತ್ತರಲ್ಲಿ ಒಂದು ಪಾಲು ನಮ್ಮೂರ ಸರ್ಕಾರಿ ಶಾಲೆಗೆ, ಉಳಿದದ್ದು ನಿನಗೆ.

2018ರ ಆಗಸ್ಟ್ ನೆನಪಿದೆಯಲ್ವಾ? ಮನೆ ಹಿಂದಿನ ಗುಡ್ಡದ ಬರೆ ಜರಿದ ರಾತ್ರಿ ನಾವು ಉಟ್ಟ ಬಟ್ಟೆಯಲ್ಲೇ ಓಡಿದ್ದು ಆ ಶಾಲೆಗೆ. ನೀನು ಅಆಇಈ ಕಲಿತ ಕೋಣೆಯಲ್ಲೇ, ಕಪ್ಪು ಹಲಗೆಯ ಕೆಳಗೆ, ಹನ್ನೊಂದು ದಿನ ಮಲಗಿದೆವು. ಒಂದು ಮೂಲೆ ಸೋರುತ್ತಿತ್ತು. ನಾನು ರಾತ್ರಿಯೆಲ್ಲ ಆ ಬಕೆಟ್ಟಿನ ಸದ್ದು ಕೇಳುತ್ತಿದ್ದೆ. ಇದಕ್ಕೆ ಏನಾದರೂ ಮಾಡಬೇಕು ಅಂತ ಅವತ್ತೇ ಮನಸ್ಸಿಗೆ ಬಂದಿತ್ತು.

ನಿನ್ನ ದೊಡ್ಡಪ್ಪನಿಗೂ ಇದೇ ಆಸೆ ಇತ್ತು. ಹಾಸಿಗೆ ಹಿಡಿದಾಗ ಎಲ್ಲರ ಮುಂದೆ ಹೇಳಿದ್ದರು, ಶಾಲೆಗೆ ಇಷ್ಟು ಕೊಡಿ ಅಂತ. ಬರೆದಿಡಲಿಲ್ಲ. ಬಾಯಿಮಾತು ಕಾನೂನಿನ ಮುಂದೆ ನಿಲ್ಲಲಿಲ್ಲ, ಹಣ ಪಾಲಾಗಿ ಹೋಯಿತು. ಅವರು ಹಾಗೆ ಹೇಳುವಾಗ ನಾನೂ ಅಲ್ಲೇ ಇದ್ದೆ ಪುಟ್ಟಿ. ಪಾಲು ಮಾಡುವಾಗ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ನನ್ನ ಸಹಿ, ಎದುರಿಗಿದ್ದು ನೋಡಿದ ಇಬ್ಬರು ಸಾಕ್ಷಿಗಳ ಸಹಿ, ಅಷ್ಟೆ. ನೋಂದಣಿ ಕಡ್ಡಾಯ ಅಲ್ಲ. ಆದರೂ ಮುಂದೆ ಯಾರೂ ತಕರಾರು ತೆಗೆಯದಿರಲಿ ಅಂತ ಸೋಮವಾರಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದೆ. ಬದುಕಿರುವ ತನಕ ಬದಲಾಯಿಸಬಹುದು. ಟ್ರಸ್ಟ್ ಮಾಡುವ ಯೋಚನೆಯೂ ಬಂದಿತ್ತು. ಟ್ರಸ್ಟಿಗಳು, ವರ್ಷ ವರ್ಷ ಲೆಕ್ಕಪತ್ರ, ಹಣವೂ ಈಗಲೇ ಕೈಬಿಟ್ಟು ಹೋಗಬೇಕು. ನಮ್ಮಂಥವರ ಸಣ್ಣ ಮೊತ್ತಕ್ಕೆ ಅಷ್ಟೆಲ್ಲ ಬೇಡ ಅನಿಸಿತು.

ಇಷ್ಟು ರೂಪಾಯಿ ಅಂತ ಬರೆಯದೆ ಪಾಲು ಅಂತ ಬರೆದದ್ದು ನಿನಗೋಸ್ಕರ. ನಾಳೆ ನನ್ನ ಆಸ್ಪತ್ರೆ ಖರ್ಚು ಜಾಸ್ತಿಯಾಗಿ ಠೇವಣಿ ಕರಗಿದರೆ ಶಾಲೆಯ ಪಾಲೂ ಕರಗುತ್ತದೆ. ನಿನ್ನೊಬ್ಬಳ ಮೇಲೆ ಹೊರೆ ಬೀಳಬಾರದು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದರೆ ಅಥವಾ ಬೇರೆ ಶಾಲೆಯ ಜೊತೆ ಸೇರಿಸಿದರೆ, ಊರಿನ ಮಕ್ಕಳು ಓದಲು ಹೋಗುವ ಹತ್ತಿರದ ಸರ್ಕಾರಿ ಶಾಲೆಗೆ ಹೋಗಲಿ ಅಂತಲೂ ಬರೆಸಿದ್ದೇನೆ. ಇದನ್ನು ಬರೆಸದಿದ್ದರೆ ಎಲ್ಲ ಅಲ್ಲಿಗೇ ನಿಂತುಬಿಡಬಹುದಿತ್ತು.

ಇನ್ನೊಂದು ಮಾತು. ಠೇವಣಿಗೆ ನಾಮಿನಿ ನೀನು, ಹಾಗಾಗಿ ಬ್ಯಾಂಕಿನವರು ಪೂರ್ತಿ ಹಣ ನಿನ್ನ ಕೈಗೇ ಕೊಡುತ್ತಾರೆ. ನಾಮಿನಿ ಅಂದರೆ ಹಣ ಪಡೆದು ಸಲ್ಲಬೇಕಾದವರಿಗೆ ಸಲ್ಲಿಸುವವರು. ಉಯಿಲು ಜಾರಿ ಮಾಡುವ ಜವಾಬ್ದಾರಿಯೂ ನಿನ್ನ ಹೆಸರಿನಲ್ಲೇ ಇದೆ. ವಕೀಲರು ಹೊರಗಿನವರನ್ನು ಹಾಕಿ ಅಂದರು. ನಾನು ಒಪ್ಪಲಿಲ್ಲ. ಶಾಲೆ ನೋಡಿಕೊಳ್ಳುವ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಹಣ ಕೊಟ್ಟು ರಸೀದಿ ತೆಗೆದುಕೊಳ್ಳುವವಳು ನೀನೇ ಆಗಬೇಕು ಅಂತ ನನ್ನ ಆಸೆ.

ನಿನಗೆ ಬೇಸರವಿದ್ದರೆ ಈಗಲೇ ಹೇಳು. ನಾನು ಹೋದ ಮೇಲೆ ಕಾಗದ ಓದಿ ಒಬ್ಬಳೇ ನೊಂದುಕೊಳ್ಳಬೇಡ. ಉಯಿಲಿನ ಪ್ರತಿ ಬೀರುವಿನಲ್ಲಿ, ನಿನ್ನ ಹತ್ತನೇ ತರಗತಿ ಅಂಕಪಟ್ಟಿಯ ಜೊತೆ ಇಟ್ಟಿದ್ದೇನೆ. ರಜೆಗೆ ಬಂದಾಗ ಇಬ್ಬರೂ ಕೂತು ಓದೋಣ. ಸಂಜೆ ಶಾಲೆ ಕಡೆ ಒಂದು ಸುತ್ತು ಹೋಗಿ ಬರೋಣ.

ನಿನ್ನ
ಅಮ್ಮ